ಕಾಣಿಕೆ, ಸಾಲ, ಜಾಮೀನು: ನಿಮ್ಮ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಕೈಗೆ ಬರುವ ಸಂಬಳ 42,000 ರೂಪಾಯಿ. ಮನೆ ಬಾಡಿಗೆ 11,000, ಸಾಲದ ಕಂತು 6,800, ಊರಲ್ಲಿರುವ ಅಪ್ಪ-ಅಮ್ಮನಿಗೆ 4,000. ಸಂಬಳದ ಹತ್ತನೇ ಒಂದು ಪಾಲು, ಅಂದರೆ ದಶಮಾಂಶ 4,200, ಚರ್ಚಿಗೆ ತಪ್ಪದೆ ಕೊಡುತ್ತೇನೆ. ಆದರೆ ಕ್ರೆಡಿಟ್ ಕಾರ್ಡಿನಲ್ಲಿ 1,10,000 ಬಾಕಿ ಇದೆ, ಮಿನಿಮಮ್ ಮಾತ್ರ ಕಟ್ಟುತ್ತಿದ್ದೇನೆ. ದಶಮಾಂಶ ಕಡಿಮೆ ಮಾಡಿದರೆ ದೇವರಿಂದ ಕದ್ದ ಹಾಗಾಗುತ್ತದೆಯೇ? ಅದರ ಬದಲು ಊರಿಗೆ ಕಳಿಸುವುದನ್ನು ನಿಲ್ಲಿಸಲೇ?
— ಖಾಸಗಿ ಕಂಪನಿ ನೌಕರ, ಮೈಸೂರು

ಉತ್ತರ: ಅಪ್ಪ-ಅಮ್ಮನ ಹಣಕ್ಕೆ ಕೈ ಹಾಕಬೇಡಿ. ಹೆತ್ತವರಿಗೆ ಸಲ್ಲಬೇಕಾದದ್ದನ್ನು 'ದೇವರಿಗೆ ಮುಡಿಪು' ಎಂದು ಹೇಳಿ ತಪ್ಪಿಸಿಕೊಳ್ಳುವವರನ್ನು ಯೇಸು ಗದರಿಸಿದ್ದು ಮಾರ್ಕ 7ರಲ್ಲಿದೆ. ಆ 4,000 ಕೂಡ ನಿಮ್ಮ ವಿಶ್ವಾಸದ ಲೆಕ್ಕಕ್ಕೇ ಸೇರಿದ್ದು.

ಈಗ ಕಾರ್ಡಿನ ಲೆಕ್ಕ ನೋಡಿ. ತಿಂಗಳಿಗೆ ನೂರಕ್ಕೆ 3.5ರಂತೆ 1,10,000ಕ್ಕೆ ಬಡ್ಡಿ 3,850. ಅದರ ಮೇಲೆ 18% ಜಿಎಸ್‌ಟಿ 693. ಒಟ್ಟು 4,543. ಮಿನಿಮಮ್ 5% ಅಂದರೆ 5,500 ಕಟ್ಟಿದರೆ ಅಸಲು ಇಳಿಯುವುದು ಸಾವಿರಕ್ಕಿಂತ ಕಡಿಮೆ. ಬಾಕಿ ಉಳಿಸಿಕೊಂಡವರಿಗೆ ಬಡ್ಡಿಯಿಲ್ಲದ ದಿನಗಳ ಸೌಲಭ್ಯವೂ ಇರುವುದಿಲ್ಲ. ಇವತ್ತು ಕಾರ್ಡಿನಲ್ಲಿ ಕೊಂಡ ತರಕಾರಿಗೂ ಇವತ್ತಿನಿಂದಲೇ ಬಡ್ಡಿ ಓಡುತ್ತದೆ. ಸಾಲ ಮಾಡಿ ತೀರಿಸದಿರುವುದನ್ನು ಕೀರ್ತನೆ 37:21 ದುಷ್ಟರ ಲಕ್ಷಣ ಎನ್ನುತ್ತದೆ. ಬ್ಯಾಂಕಿನ ಹಣ ಬ್ಯಾಂಕಿನದು. ಅದನ್ನು ಹಿಂತಿರುಗಿಸುವುದನ್ನು ಮುಂದೂಡಿ ಕೊಡುವ ಕಾಣಿಕೆಯಲ್ಲಿ ಒಂದು ಪಾಲು ಬೇರೆಯವರದೇ ಆಗಿರುತ್ತದೆ.

ಹಾಗಾಗಿ ನಮ್ಮ ಸಲಹೆ ಇದು. ಸಂಬಳ ಬಂದ ದಿನವೇ ಮೊದಲು 1,500 ಕಾಣಿಕೆ ತೆಗೆದಿಡಿ. ಪೂರ್ತಿ ನಿಲ್ಲಿಸುವುದು ಬೇಡ, ಕೊಡುವ ಅಭ್ಯಾಸ ಒಮ್ಮೆ ತಪ್ಪಿದರೆ ಮತ್ತೆ ಹಿಡಿಯುವುದು ಕಷ್ಟ. ಆಮೇಲೆ ಬಾಡಿಗೆ, ಕಂತು, ಊರಿನ ಹಣ, ಕಾರ್ಡಿಗೆ 8,000. ಉಳಿಯುವುದು 10,700. ಊಟ, ಗ್ಯಾಸು, ಕರೆಂಟು, ಓಡಾಟ ಎಲ್ಲವೂ ಅದರಲ್ಲೇ ಮುಗಿಯಬೇಕು. ಬಿಗಿಯಾದ ಲೆಕ್ಕವೇ, ಆದರೆ ಇದಕ್ಕೆ ಕೊನೆಯ ತಾರೀಖು ಇದೆ.

ಕಾರ್ಡಿನಲ್ಲೇ ಇಟ್ಟುಕೊಂಡು ತಿಂಗಳಿಗೆ 8,000 ಕಟ್ಟಿದರೆ 21 ತಿಂಗಳು, ಒಟ್ಟು ಸುಮಾರು 1,66,000. ಮನೆಯಲ್ಲಿ ಒಡವೆ ಇದ್ದರೆ ಬ್ಯಾಂಕಿನಲ್ಲಿಟ್ಟು, ವರ್ಷಕ್ಕೆ 12% ಬಡ್ಡಿಯಂತೆ ಅಷ್ಟೇ ಸಾಲ ತೆಗೆದು ಕಾರ್ಡು ಚುಕ್ತಾ ಮಾಡಿದರೆ, ಅದೇ 8,000ದಲ್ಲಿ 15 ತಿಂಗಳು, ಒಟ್ಟು ಸುಮಾರು 1,19,000. ಉಳಿತಾಯ 47,000 ರೂಪಾಯಿ. ಒಡವೆ ಸಾಲವನ್ನು ತಿಂಗಳ ಕಂತಿನ ಲೆಕ್ಕದಲ್ಲೇ ಕೇಳಿ. ವರ್ಷದ ಕೊನೆಗೆ ಒಂದೇ ಸಲ ಕಟ್ಟುವ ಪದ್ಧತಿಯಲ್ಲಿ ಹಣ ಹೊಂದಿಸಲಾಗದೆ ಒಡವೆ ಹರಾಜಿಗೆ ಹೋಗುವ ಅಪಾಯ ಹೆಚ್ಚು. ಒಡವೆ ಇಲ್ಲದಿದ್ದರೆ ಬಾಕಿಯನ್ನೇ ಕಂತಾಗಿ ಮಾಡಿಕೊಡಿ ಎಂದು ಕಾರ್ಡಿನ ಬ್ಯಾಂಕನ್ನು ಕೇಳಿ. ಬಡ್ಡಿ, ಶುಲ್ಕ ಎರಡನ್ನೂ ಬರವಣಿಗೆಯಲ್ಲಿ ಪಡೆಯಿರಿ.

ಎಡವುವುದು ಇನ್ನೊಂದು ಕಡೆ. ಕಾರ್ಡು ಖಾಲಿಯಾದ ಕೂಡಲೇ ಮತ್ತೆ ಉಜ್ಜಲು ಶುರುಮಾಡುತ್ತಾರೆ, ಆಗ ಒಂದರ ಜಾಗದಲ್ಲಿ ಎರಡು ಸಾಲ. ಚುಕ್ತಾ ಆದ ದಿನವೇ ಕಾರ್ಡಿನ ಮಿತಿಯನ್ನು 15,000ಕ್ಕೆ ಇಳಿಸಲು ಅರ್ಜಿ ಹಾಕಿ. ಆಪ್‌ಗಳಲ್ಲಿ ಉಳಿಸಿಟ್ಟ ಕಾರ್ಡ್ ನಂಬರ್ ಅಳಿಸಿ. ಸಾಲ ಮುಗಿದ ತಿಂಗಳಿಂದ ಕಾಣಿಕೆ ಮತ್ತೆ 4,200 ಎಂದು ಇವತ್ತೇ ಡೈರಿಯಲ್ಲಿ ಬರೆದಿಡಿ. ಆಗ ಇದು ಬಿಟ್ಟುಬಿಟ್ಟ ದಶಮಾಂಶವಾಗದೆ, ಅವಧಿ ಗೊತ್ತುಮಾಡಿಕೊಂಡ ಏರ್ಪಾಡಾಗುತ್ತದೆ.

ಪ್ರಶ್ನೆ: ನಮ್ಮ ಕ್ರೈಸ್ತ ಸಭೆಯ ಸಹೋದರರೊಬ್ಬರು ಸಹಕಾರಿ ಸಂಘದಲ್ಲಿ 5 ಲಕ್ಷ ಸಾಲ ತೆಗೆಯುತ್ತಿದ್ದಾರೆ. ಜಾಮೀನು ಹಾಕಿ ಎಂದು ಕೇಳಿದ್ದಾರೆ. 'ಬರೀ ಒಂದು ಸಹಿ ಅಷ್ಟೇ' ಅನ್ನುತ್ತಾರೆ. ಇಲ್ಲ ಎನ್ನಲು ಮನಸ್ಸು ಒಪ್ಪುತ್ತಿಲ್ಲ.
— ಶಾಲಾ ಶಿಕ್ಷಕಿ, ಹುಬ್ಬಳ್ಳಿ

ಉತ್ತರ: ಅದು ಬರೀ ಸಹಿಯಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರರ ಹೊಣೆಯೂ ಅಷ್ಟೇ. ಮೊದಲು ಅವರನ್ನು ಹಿಡಿಯಿರಿ, ಆಮೇಲೆ ನನ್ನ ಬಳಿ ಬನ್ನಿ ಎನ್ನುವಂತಿಲ್ಲ. ಅಸಲಿನ ಜೊತೆಗೆ ಬಡ್ಡಿ, ವಸೂಲಿ ಖರ್ಚು ಎಲ್ಲವೂ ನಿಮ್ಮ ಮೇಲೆ ಬರಬಹುದು. ಸಂಬಳದಿಂದ ಕಡಿತ ಮಾಡಿಕೊಡುವ ಒಪ್ಪಿಗೆ ಪತ್ರವನ್ನು ಕೆಲವು ಸಂಘಗಳು ಮೊದಲೇ ಬರೆಸಿಕೊಳ್ಳುತ್ತವೆ. ನಾಳೆ ನಿಮಗೇ ಮನೆ ಸಾಲ ಬೇಕಾದಾಗ ಈ 5 ಲಕ್ಷವನ್ನೂ ನಿಮ್ಮ ಹೊಣೆಯೆಂದು ಬ್ಯಾಂಕು ಎಣಿಸಬಹುದು. ಹಣ ಬಟವಾಡೆಯಾದ ಮೇಲೆ ಮನಸ್ಸು ಬದಲಾಯಿಸಿ ಹಿಂದೆ ಸರಿಯಲು ದಾರಿಯಿಲ್ಲ.

ಜ್ಞಾನೋಕ್ತಿ 6 ಇದನ್ನು ತುಂಬಾ ಗಟ್ಟಿಯಾಗಿ ಹೇಳುತ್ತದೆ: ನೆರೆಯವನಿಗೆ ಹೊಣೆಯಾಗಿದ್ದರೆ ಕಣ್ಣಿಗೆ ನಿದ್ದೆ ಕೊಡದೆ, ಬೇಟೆಗಾರನ ಕೈಯಿಂದ ಜಿಂಕೆ ತಪ್ಪಿಸಿಕೊಳ್ಳುವಂತೆ ತಪ್ಪಿಸಿಕೋ. ಹಾಗಂತ ಬೈಬಲಿನಲ್ಲಿ ಇನ್ನೊಬ್ಬರ ಹೊಣೆ ಹೊತ್ತವರೇ ಇಲ್ಲವೆಂದಲ್ಲ. ನಿನ್ನ ದಾಸ ಒನೇಸಿಮನು ಕೊಡಬೇಕಾದದ್ದೇನಾದರೂ ಇದ್ದರೆ ನನ್ನ ಲೆಕ್ಕಕ್ಕೆ ಹಾಕು, ನಾನೇ ತೀರಿಸುತ್ತೇನೆ ಎಂದು ಪೌಲನು ಫಿಲೆಮೋನನಿಗೆ ಸ್ವಂತ ಕೈಯಿಂದ ಬರೆದುಕೊಟ್ಟ. ಅವನು ಬರೆದದ್ದು 'ಅವನು ಕಟ್ಟುತ್ತಾನೆ' ಎಂದಲ್ಲ, 'ನಾನು ಕಟ್ಟುತ್ತೇನೆ' ಎಂದು. ನಿಮ್ಮನ್ನೂ ಇದನ್ನೇ ಕೇಳಿಕೊಳ್ಳಿ: ಆ 5 ಲಕ್ಷವನ್ನು ನಾನೇ ಕಟ್ಟಬೇಕಾಗಿ ಬಂದರೆ, ಮಕ್ಕಳ ಫೀಸು ನಿಲ್ಲದೆ ಕಟ್ಟಬಲ್ಲೆನೇ? ಕಟ್ಟಿದ ಮೇಲೂ ಭಾನುವಾರ ಅವರ ಪಕ್ಕದಲ್ಲಿ ಕೂತು ಪ್ರಾರ್ಥಿಸಬಲ್ಲೆನೇ? ಎರಡಕ್ಕೂ ಹೌದು ಎಂದಾದರೆ ಮಾತ್ರ ಸಹಿ ಮಾಡಿ.

ಸಹಿ ಮಾಡುವುದಾದರೆ ಮಂಜೂರಾತಿ ಪತ್ರ ಪೂರ್ತಿ ಓದಿ. ನಿಮ್ಮ ಹೊಣೆಯ ಗರಿಷ್ಠ ಮೊತ್ತವನ್ನು ಜಾಮೀನು ಪತ್ರದಲ್ಲೇ ಬರೆಯಿಸಿ. ಖಾಲಿ ಚೆಕ್ಕು, ಖಾಲಿ ಕಾಗದಕ್ಕೆ ಸಹಿ ಯಾವ ಕಾರಣಕ್ಕೂ ಬೇಡ. ಕಂತು ತಪ್ಪಿದ ತಿಂಗಳೇ ನಿಮಗೂ ತಿಳಿಸಬೇಕೆಂದು ಸಂಘಕ್ಕೆ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ.

ಆಗದು ಎಂದಾದರೆ ಮುಖ ತಪ್ಪಿಸಬೇಡಿ, ಮನೆಗೆ ಹೋಗಿ ಹೇಳಿ. 'ಅಣ್ಣಾ, ಜಾಮೀನು ನನ್ನಿಂದಾಗದು. ಈ 20,000 ಇಟ್ಟುಕೊಳ್ಳಿ, ವಾಪಸ್ ಬೇಡ' ಎಂದು ಕಳೆದುಕೊಳ್ಳಬಲ್ಲಷ್ಟನ್ನು ಕೈಗೆ ಕೊಡಿ. ಪ್ರೀತಿಗೆ ಇಷ್ಟು ಸಾಕು.

ಪ್ರಶ್ನೆ: ನಮ್ಮದು ಅಡಿಕೆ ತೋಟ. ಹಣ ಕಾಣುವುದು ವರ್ಷಕ್ಕೊಮ್ಮೆ. ದಶಮಾಂಶವನ್ನು ಯಾವುದರ ಮೇಲೆ ಲೆಕ್ಕ ಹಾಕಬೇಕು? ಮಂಡಿಯ ಮುಂಗಡದ ಮೇಲೂ ಕೊಡಬೇಕೇ?
— ಕೃಷಿಕ, ಶಿವಮೊಗ್ಗ ಜಿಲ್ಲೆ

ಉತ್ತರ: ಮುಂಗಡ ಸಾಲ, ಆದಾಯವಲ್ಲ. ಅದರ ಮೇಲೆ ಬೇಡ. ಮಂಡಿಯ ಪಟ್ಟಿ ಕೈಗೆ ಬಂದ ಮೇಲೆ ಲೆಕ್ಕಕ್ಕೆ ಕೂರಿ. ಮಾರಾಟ 9,00,000 ಎಂದುಕೊಳ್ಳೋಣ. ಗೊಬ್ಬರ, ಬೋರ್ಡೋ ಸಿಂಪಡಣೆ, ಅಡಿಕೆ ಗೊನೆ ತೆಗೆಸಿದ್ದು, ಸುಲಿತ, ಸಾಗಣೆ, ತೋಟಕ್ಕೆ ಬಳಸಿದ ಮುಂಗಡದ ಬಡ್ಡಿ ಸೇರಿ 3,60,000 ಕಳೆಯಿರಿ. ಉಳಿದ 5,40,000ಕ್ಕೆ ದಶಮಾಂಶ 54,000. ಮಗಳ ಮದುವೆ, ಮನೆಯ ರಿಪೇರಿ, ಕಾರಿನ ಕಂತನ್ನು ಈ ಖರ್ಚಿನೊಳಗೆ ತೂರಿಸಬಾರದು. ಲೆಕ್ಕ ಕೆಡುವುದೇ ಅಲ್ಲಿ.

54,000ವನ್ನು ಅದೇ ವಾರ ಬೇರೆ ಖಾತೆಗೆ ಹಾಕಿ, ತಿಂಗಳಿಗೆ 4,500ರಂತೆ ಕೊಡಿ. ಸುಗ್ಗಿ ಹಬ್ಬದ ಕಾಣಿಕೆಗೂ ಅದರಲ್ಲೇ ಪಾಲು ಇಡಬಹುದು. ಧರ್ಮೋಪದೇಶಕಾಂಡ 14ರಲ್ಲಿ ಮೂರು ವರ್ಷಕ್ಕೊಮ್ಮೆ ದಶಮಾಂಶ ದೇವರ ಸೇವೆಗೆ ನಿಂತ ಲೇವಿಯರ ಜೊತೆ ಪರದೇಶಿ, ಅನಾಥ, ವಿಧವೆಯರಿಗೂ ಹೋಗುತ್ತಿತ್ತು. ನಿಮ್ಮ ತೋಟದಲ್ಲಿ ದುಡಿಯುವ ಕುಟುಂಬದ ಆಸ್ಪತ್ರೆ ಖರ್ಚಿಗೆ ಇದರಿಂದ ಕೊಡಲು ಸಂಕೋಚ ಬೇಡ. ಆದರೆ ಅವರ ಕೂಲಿ ಬಾಕಿಯನ್ನು ಇದರಲ್ಲಿ ತೀರಿಸಬೇಡಿ, ಅದು ಅವರ ಹಕ್ಕು. ಕೊಳೆ ರೋಗ ಬಂದ ವರ್ಷ ಕೈ ಖಾಲಿಯಾಗದಂತೆ, ಒಂದು ವರ್ಷದ ತೋಟದ ಖರ್ಚನ್ನು ಠೇವಣಿಯಾಗಿ ಕೂಡಿಡುತ್ತಾ ಬನ್ನಿ. ಅದು ಅವಿಶ್ವಾಸವಲ್ಲ. ಐಗುಪ್ತದಲ್ಲಿ ಯೋಸೇಫನೂ ಸುಭಿಕ್ಷದ ವರ್ಷಗಳಲ್ಲಿ ಧಾನ್ಯ ಕೂಡಿಟ್ಟ.

ಪ್ರಶ್ನೆ: 'ಸಾಲ ಮಾಡಿಯಾದರೂ ವಿಶ್ವಾಸದ ಬೀಜ ಬಿತ್ತಿ, ಅಂದರೆ ಕಾಣಿಕೆ ಕೊಡಿ, ನೂರರಷ್ಟು ಬರುತ್ತದೆ' ಎಂದು ಬೋಧಕರೊಬ್ಬರು ಹೇಳುತ್ತಾರೆ. ನಮ್ಮ ಅತ್ತೆ ಸರ ಅಡವಿಡಲು ಹೊರಟಿದ್ದಾರೆ.
— ಗೃಹಿಣಿ, ಬೀದರ್

ಉತ್ತರ: ಖಂಡಿತ ಬೇಡ. ಕೊಡುವ ಮನಸ್ಸಿದ್ದರೆ ಇರುವುದಕ್ಕೆ ತಕ್ಕಂತೆ ಕೊಟ್ಟದ್ದೇ ಅಂಗೀಕಾರ, ಇಲ್ಲದ್ದನ್ನು ದೇವರು ಕೇಳುವುದಿಲ್ಲ ಎಂಬುದು 2 ಕೊರಿಂಥ 8:12ರ ತಾತ್ಪರ್ಯ. ಅತ್ತೆಯವರ ಜೊತೆ ಕೂತು ಅದೇ ಅಧ್ಯಾಯವನ್ನು ಪೂರ್ತಿ ಓದಿ. ಅಲ್ಲೇ 20-21ರಲ್ಲಿ ಪೌಲನು, ಹಣದ ವಿಷಯದಲ್ಲಿ ಯಾರೂ ತಪ್ಪು ಹೊರಿಸದಂತೆ ಕರ್ತನ ಮುಂದೆಯೂ ಜನರ ಮುಂದೆಯೂ ಸರಿಯಾಗಿ ನಡೆಯುತ್ತೇವೆ ಎನ್ನುತ್ತಾನೆ. ಹಾಗಾಗಿ ರಸೀದಿ, ವಾರ್ಷಿಕ ಲೆಕ್ಕಪತ್ರ ಕೇಳುವುದು ಅವಿಧೇಯತೆಯಲ್ಲ. ತೋರಿಸದವರಿಗೆ ನೂರು ರೂಪಾಯಿಯನ್ನೂ ಕಳಿಸಬೇಡಿ.

ಪ್ರಶ್ನೆ: ಸಭೆಗೆ ಕೊಟ್ಟ ಕಾಣಿಕೆಗೆ ತೆರಿಗೆ ವಿನಾಯಿತಿ ಸಿಗುತ್ತದೆಯೇ?
— ನಿವೃತ್ತ ನೌಕರ, ಮಂಗಳೂರು

ಉತ್ತರ: ಭಾನುವಾರದ ಕಾಣಿಕೆಗೆ ಸಾಮಾನ್ಯವಾಗಿ ಇಲ್ಲ. ದೇಣಿಗೆಯ ತೆರಿಗೆ ರಿಯಾಯಿತಿ (1961ರ ಆದಾಯ ತೆರಿಗೆ ಕಾಯ್ದೆಯಲ್ಲಿ 80ಜಿ ಕಲಂ) ಮುಖ್ಯವಾಗಿ ಸೇವಾ ಸಂಸ್ಥೆಗಳಿಗೆ ಕೊಟ್ಟದ್ದಕ್ಕೆ. ಮಿಷನ್ ಆಸ್ಪತ್ರೆ, ಅನಾಥಾಲಯ ನಡೆಸುವ ಟ್ರಸ್ಟಿಗೆ ಈ ಮಾನ್ಯತೆ ಇದ್ದರೆ ಅದಕ್ಕೆ ಕೊಟ್ಟದ್ದು ಲೆಕ್ಕಕ್ಕೆ ಬರುತ್ತದೆ, ಅದೂ ನೀವು ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ ಮಾತ್ರ. 2,000 ರೂಪಾಯಿಗಿಂತ ಹೆಚ್ಚಿನ ನಗದಿಗೆ ರಿಯಾಯಿತಿ ಇಲ್ಲ. ಚೆಕ್ಕು ಅಥವಾ ಯುಪಿಐ ಮೂಲಕ ಕೊಡಿ, ರಸೀದಿಯಲ್ಲಿ ನಿಮ್ಮ ಪ್ಯಾನ್ ಸರಿಯಿದೆಯೇ ನೋಡಿ, ವರ್ಷ ಮುಗಿದ ಮೇಲೆ ಟ್ರಸ್ಟಿನಿಂದ ದೇಣಿಗೆ ಪ್ರಮಾಣಪತ್ರ ತೆಗೆದುಕೊಳ್ಳಿ.