ಮೊದಲು ಹೆಸರಿನ ಸ್ಪೆಲಿಂಗ್ ನೋಡಿ

ಸರ್, ಗದಗಿನಿಂದ ಮಗಳನ್ನು ಧಾರವಾಡದಲ್ಲಿ ಬಿ.ಎಸ್ಸಿಗೆ ಸೇರಿಸಬೇಕು, ಈಗಲೇ ಏನು ರೆಡಿ ಮಾಡಿಡಲಿ ಅಂತ ಕೇಳಿದ್ದೀರಿ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, ಆಧಾರ್ ಪಕ್ಕಪಕ್ಕ ಇಟ್ಟು ಹೆಸರು ಓದಿ. ನನ್ನ ಮಗನದು ಒಂದರಲ್ಲಿ ಇನಿಶಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ. ಸ್ಕಾಲರ್‌ಶಿಪ್ ಅರ್ಜಿ ಅಲ್ಲೇ ನಿಂತಿತು, ಹದಿನೈದು ದಿನ ಸುಮ್ನೆ ಓಡಾಟ.

ಜಾತಿ, ಆದಾಯ ಪ್ರಮಾಣಪತ್ರಕ್ಕೆ ರಿಸಲ್ಟ್‌ವರೆಗೆ ಕಾಯಬೇಡಿ, ನಾಡಕಚೇರಿಯಲ್ಲಿ ಈಗಲೇ ಅರ್ಜಿ ಹಾಕಿ. ಪ್ರವೇಶದ ಅರ್ಜಿ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ, ಅಂದ್ರೆ ರಾಜ್ಯದ ವಿಶ್ವವಿದ್ಯಾಲಯ, ಕಾಲೇಜುಗಳ ಆನ್‌ಲೈನ್ ತಾಣದಲ್ಲಿ. ಅದಕ್ಕೆ ಕೊಡುವ ಮೊಬೈಲ್ ನಂಬರ್ ಕೋರ್ಸ್ ಮುಗಿಯುವವರೆಗೂ ನಿಮ್ಮ ಕೈಯಲ್ಲೇ ಇರಲಿ, ಸೈಬರ್ ಅಂಗಡಿಯವನದು ಬೇಡ.

ದಿನಾ ಓಡಾಡೋದಾ? ಹುಬ್ಬಳ್ಳಿಗೇ ಸುಮಾರು 60 ಕಿ.ಮೀ., ಅಲ್ಲಿಂದ ಧಾರವಾಡಕ್ಕೆ ಚಿಗರಿ ಅನ್ನೋ ಬಿಆರ್‌ಟಿಎಸ್ ಬಸ್ಸಲ್ಲಿ ಇನ್ನೂ 20. ಪ್ರಾಕ್ಟಿಕಲ್ ಇದ್ದ ದಿನ ಬಿಡೋದೇ ಸಂಜೆ ಅಲ್ವಾ, ಹಾಸ್ಟೆಲ್ಲಿಗೂ ಅರ್ಜಿ ಹಾಕಿಬಿಡಿ.