ಫ್ರಾನ್ಸಿನ ಬೋವೆ ಚರ್ಚ್ ಅರ್ಧಕ್ಕೇ ನಿಂತಿದ್ದು ಯಾಕೆ?

ಒಂದೇ ಮಾತಲ್ಲಿ ಹೇಳಬೇಕಂದ್ರೆ, ಎತ್ತರದ ಹುಚ್ಚು.

ಪ್ಯಾರಿಸ್ಸಿನ ಉತ್ತರಕ್ಕಿರುವ ಬೋವೆಯಲ್ಲಿ 1225ರಲ್ಲಿ ಕೆಲಸ ಶುರುವಾಯಿತು. 1272ರ ಹೊತ್ತಿಗೆ ಪೂಜೆ ನಡೆಯುವ ಭಾಗ ಮುಗಿಯಿತು. ನೆಲದಿಂದ ಒಳಚಾವಣಿಗೆ ಸುಮಾರು 48 ಮೀಟರ್, ಗಾಥಿಕ್ (ಮಧ್ಯಯುಗದ ಯುರೋಪಿನ, ಚೂಪು ಕಮಾನುಗಳ ಕಟ್ಟಡ ಶೈಲಿ) ಚರ್ಚುಗಳಲ್ಲೇ ಅತಿ ಎತ್ತರ. ಗಾಥಿಕ್ ಕಟ್ಟಡದಲ್ಲಿ ಗೋಡೆ ಕಮ್ಮಿ, ಕಿಟಕಿ ಜಾಸ್ತಿ. ಕಲ್ಲಿನ ಚಾವಣಿ ಗೋಡೆಯನ್ನು ಹೊರಕ್ಕೆ ತಳ್ಳುತ್ತಲೇ ಇರುತ್ತದೆ. ಅದನ್ನು ಹೊರಗಡೆಯ ಆಸರೆ ಕಮಾನುಗಳು ತಡೆದುಕೊಳ್ಳಬೇಕು. 1284ರಲ್ಲಿ ಚಾವಣಿಯ ಒಂದು ಭಾಗ ಕುಸಿಯಿತು. ದುರಸ್ತಿಯವರು ಹಳೆಯ ಕಂಬಗಳ ನಡುವೆ ಒಂದೊಂದು ಹೊಸ ಕಂಬ ತುರುಕಿದರು. ಒಳಗೆ ನಿಂತು ನೋಡಿದರೆ ಅಲ್ಲಿ ಕಂಬಗಳು ಒತ್ತೊತ್ತಾಗಿ ಕಾಣುವುದು ಅದಕ್ಕೇ.

ಇಷ್ಟಾದ ಮೇಲೆ ಬುದ್ಧಿ ಬಂತಾ? ಇಲ್ಲ. 1569ರಲ್ಲಿ 153 ಮೀಟರ್ ಎತ್ತರದ ಗೋಪುರ ಏರಿಸಿದರು. ಅದಕ್ಕೆ ಪಶ್ಚಿಮದ ಕಡೆ ಒತ್ತಾಸೆಯಾಗಬೇಕಿದ್ದ, ಜನ ಸೇರುವ ಉದ್ದನೆಯ ಹಜಾರವನ್ನು ಇನ್ನೂ ಕಟ್ಟಿರಲೇ ಇಲ್ಲ! 1573ರಲ್ಲಿ ಗೋಪುರ ಬಿತ್ತು. ಹಜಾರ ಇವತ್ತಿಗೂ ಇಲ್ಲ. ಅದು ಬರಬೇಕಿದ್ದ ಜಾಗದಲ್ಲಿ 10ನೇ ಶತಮಾನದ ಹಳೇ ಪುಟ್ಟ ಚರ್ಚಿನ ಒಂದು ಭಾಗ ಹಾಗೇ ನಿಂತಿದೆ.