ಮೂರು ನೋಟ್‌ಬುಕ್ ನಕಾಶೆ, ಒಂದು ಹರಿಗೋಲು

ಪ್ರಶ್ನೆ: ಅಕ್ಕ, ನನಗೆ 28 ವರ್ಷ. ಮಂಡ್ಯದ ಪಕ್ಕದ ಹಳ್ಳಿ. ಮೈಸೂರಿನ ಒಂದು ಕಾರ್ಖಾನೆಯಲ್ಲಿ ಅಕೌಂಟ್ಸ್ ಕೆಲಸ. ದಿನಾ ರೈಲಿನಲ್ಲಿ ಓಡಾಟ. ನಾಲ್ಕು ವರ್ಷದಿಂದ ಒಂದು ಫ್ಯಾಂಟಸಿ ಕಾದಂಬರಿ ಬರೆಯುತ್ತಿದ್ದೇನೆ. ಹಿಮದ ರಾಜ್ಯ, ಡ್ರ್ಯಾಗನ್, ಏಳು ರಾಜಮನೆತನ. ಮೂರು ನೋಟ್‌ಬುಕ್ ತುಂಬಾ ನಕಾಶೆ, ವಂಶಾವಳಿ, ಆ ಲೋಕದ ಲಿಪಿ ಇದೆ. ಕತೆ ಮಾತ್ರ ಮೂರನೇ ಅಧ್ಯಾಯಕ್ಕೇ ನಿಂತಿದೆ. ನೋಟ್‌ಬುಕ್ ಕಂಡು ಅಪ್ಪ, ‘ಈ ಮಾಯಮಂತ್ರ ನಿನಗೆ ಹಿಟ್ಟು ಹಾಕುತ್ತಾ?’ ಅಂದರು. ಅಂದಿನಿಂದ ಎಲ್ಲ ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದೇನೆ. ಚಿಕ್ಕವನಿದ್ದಾಗ ರಾತ್ರಿ ಕಬ್ಬಿಗೆ ನೀರು ಕಟ್ಟಲು ಹೋದಾಗ ನನಗೆ ಕತೆ ಹೇಳುತ್ತಿದ್ದವರು ಇದೇ ಅಪ್ಪ. ಈಗ ಮದುವೆ ಗೊತ್ತಾಗಿದೆ. ಹುಡುಗಿ ಮದ್ದೂರಿನ ಕಡೆಯವರು, ಟೀಚರ್. ದೀಪಾವಳಿ ಕಳೆದ ಮೇಲೆ ನಿಶ್ಚಿತಾರ್ಥ. ಬಿಡುವಿನಲ್ಲಿ ಏನು ಮಾಡುತ್ತೀರಿ ಎಂದು ಅವರು ಕೇಳಿದಾಗ ‘ಕ್ರಿಕೆಟ್’ ಎಂದು ಸುಳ್ಳು ಹೇಳಿಬಿಟ್ಟೆ. ಒಂದು ವರ್ಷ ಕೆಲಸ ಬಿಟ್ಟು ಕಾದಂಬರಿ ಮುಗಿಸಿಬಿಡಲೇ? ಕನ್ನಡದಲ್ಲಿ ಫ್ಯಾಂಟಸಿ ಯಾರು ಓದುತ್ತಾರೆ, ಇಂಗ್ಲಿಷಿನಲ್ಲಿ ಬರೆ ಅಂತ ಗೆಳೆಯ ಹೇಳುತ್ತಾನೆ. ಹುಡುಗಿಗೆ ನಿಜ ಹೇಳಲೇ? ಎರಡು ಪುಟ ಕಳಿಸಿದ್ದೇನೆ. ಮೊದಲನೆಯದು ಕಾದಂಬರಿಯದು. ಎರಡನೆಯದು ಎಂಟು ತಿಂಗಳ ಹಿಂದೆ ರೈಲಿನಲ್ಲಿ ಸುಮ್ನೆ ಗೀಚಿದ್ದು, ಕಾದಂಬರಿಗೆ ಸೇರಿದ್ದಲ್ಲ.
– ಹೆಸರು ಬೇಡ, ಮಂಡ್ಯ

ಉತ್ತರ: ತಮ್ಮಾ, ನಿಮ್ಮ ಪತ್ರಕ್ಕಿಂತ ಮೊದಲು ನಾನು ಆ ಎರಡು ಪುಟ ಓದಿದೆ. ಎರಡನೆಯದನ್ನು ಮೂರು ಸಲ ಓದಿದೆ.

ಮೊದಲ ಪುಟದಲ್ಲಿ ಹಿಮ ಬೀಳುತ್ತಿದೆ. ರಾಜಕುಮಾರ ಕುದುರೆ ಮೇಲೆ ಬರುತ್ತಾನೆ. ಭಾಷೆ ಚೆನ್ನಾಗಿದೆ, ತಪ್ಪಿಲ್ಲ. ಆದರೆ ಆ ಹಿಮ ನನಗೆ ತಣ್ಣಗೆ ತಾಗಲಿಲ್ಲ. ನಿಮಗೂ ತಾಗಿಲ್ಲ ಅನ್ನಿಸುತ್ತದೆ. ಹಿಮ ‘ಬೆಳ್ಳಗಿತ್ತು’ ಅಂತ ಒಂದೇ ಪುಟದಲ್ಲಿ ಮೂರು ಕಡೆ ಬರೆದಿದ್ದೀರಿ. ಬೇರೇನೂ ಗೊತ್ತಿಲ್ಲದಾಗ ನಾವೆಲ್ಲ ಹಾಗೇ ಮಾಡುತ್ತೇವೆ.

ಎರಡನೇ ಪುಟದಲ್ಲಿ ಒಬ್ಬ ಮುದುಕಿ ಹೊಳೆ ದಾಟಬೇಕು. ಹರಿಗೋಲಿನವನು ದುಡ್ಡು ಮುಟ್ಟುವುದಿಲ್ಲ. ಒಂದು ನೆನಪು ಕೊಡು, ದಾಟಿಸುತ್ತೇನೆ ಅನ್ನುತ್ತಾನೆ. ಕೊಟ್ಟ ನೆನಪು ಮತ್ತೆ ಬರುವುದಿಲ್ಲ. ಮುದುಕಿ ಸೆರಗಿನ ಗಂಟು ಬಿಚ್ಚುತ್ತಾಳೆ, ಅದರಲ್ಲಿ ದುಡ್ಡಿಲ್ಲ ಅಂತ ಗೊತ್ತಿದ್ದೂ ಬಿಚ್ಚುತ್ತಾಳೆ. ಅಲ್ಲಿಗೆ ನಿಲ್ಲಿಸಿದ್ದೀರಿ. ಎಂಟು ತಿಂಗಳಿಂದ ಆಕೆ ಗಂಟು ಬಿಚ್ಚಿಕೊಂಡು ದಡದಲ್ಲೇ ನಿಂತಿದ್ದಾಳೆ!

ಆ ಗಂಟನ್ನು ನೀವು ಕಂಡಿದ್ದೀರಿ, ಅದಕ್ಕೇ ಅದು ನನಗೂ ಕಂಡಿತು. ಆ ಪುಟ ಎಲ್ಲಿ ಹುಟ್ಟಿತು ಅಂತಲೂ ನಾನು ಊಹಿಸಬಲ್ಲೆ. ಮಂಡ್ಯದಿಂದ ಮೈಸೂರಿಗೆ ಹೋಗುವ ರೈಲು ಶ್ರೀರಂಗಪಟ್ಟಣದಲ್ಲಿ ಕಾವೇರಿಯನ್ನು ಎರಡು ಸಲ ದಾಟುತ್ತದೆ. ಸೇತುವೆ ಬಂದ ತಕ್ಷಣ ಯಾರಾದರೂ ಕಿಟಕಿಯಿಂದ ಕೈ ಹೊರಗೆ ಹಾಕಿ ನದಿಗೆ ಕಾಸು ಎಸೆಯುತ್ತಾರೆ, ಕಣ್ಣು ಮುಚ್ಚಿ ಕೈ ಮುಗಿಯುತ್ತಾರೆ. ನೀವು ಅದನ್ನು ವರ್ಷಗಟ್ಟಲೆ ನೋಡಿದ್ದೀರಿ. ಹೊಳೆ ದಾಟಬೇಕಾದರೆ ಏನಾದರೂ ಕೊಡಬೇಕು ಅನ್ನುವುದು ನಿಮ್ಮೊಳಗೆ ಇಳಿದಿದೆ. ಅದು ಕಾದಂಬರಿಗೆ ಸೇರಿದ್ದಲ್ಲ ಅಂತ ಬರೆದಿದ್ದೀರಲ್ಲ, ನನಗೆ ಅದೇ ನಿಮ್ಮ ಕಾದಂಬರಿಯಾಗಿ ಕಾಣುತ್ತಿದೆ.

ನಿಮ್ಮ ನಕಾಶೆಗಳನ್ನು ನಾನು ಕೀಳು ಮಾಡುತ್ತಿಲ್ಲ. ನಾಲ್ಕು ವರ್ಷ ದಿನಾ ದುಡಿದು ಬಂದ ಮೇಲೆ ಕೂತು ನದಿ, ಬೆಟ್ಟ, ಊರಿನ ಹೆಸರು ಬರೆಯುವುದು ಪ್ರೀತಿ ಇದ್ದವರಿಗೆ ಮಾತ್ರ ಆಗುವ ಕೆಲಸ. ಆದರೆ ನಕಾಶೆ ಬರೆಯುವಾಗ ಸೋಲುವ ಭಯ ಇಲ್ಲ, ಅಲ್ವಾ? ನದಿ ಎಲ್ಲಿ ಹರಿದರೂ ಸರಿ. ಕತೆ ಹಾಗಲ್ಲ. ಮುದುಕಿ ಒಂದು ನೆನಪು ಕೊಡಲೇಬೇಕು, ಅದು ಯಾವುದು ಅಂತ ನೀವು ತೀರ್ಮಾನಿಸಬೇಕು, ತೀರ್ಮಾನ ತಪ್ಪಿದರೆ ಕತೆ ಕೆಡುತ್ತದೆ. ಆ ಭಯ ಬಂದಾಗಲೆಲ್ಲ ನೀವು ನಕಾಶೆಗೆ ಹೋಗಿ ಇನ್ನೊಂದು ಬೆಟ್ಟ ಹಾಕಿ ಬರುತ್ತಿದ್ದೀರಿ ಅನ್ನಿಸುತ್ತದೆ. ಕೆಲಸ ಬಿಟ್ಟು ಒಂದು ವರ್ಷ ಕೂತರೆ ಆಗುವುದೂ ಅದೇ. ನೋಟ್‌ಬುಕ್ ಮೂರು ಇದ್ದದ್ದು ಆರಾಗುತ್ತದೆ.

ಹಾಗಾಗಿ ಕೆಲಸ ಬಿಡಬೇಡಿ. ನೀವು ಅಕೌಂಟ್ಸ್‌ನವರು, ಲೆಕ್ಕದಲ್ಲೇ ಹೇಳುತ್ತೇನೆ. ಕನ್ನಡದಲ್ಲಿ ಹೊಸಬರ ಪುಸ್ತಕ ಸಾಮಾನ್ಯವಾಗಿ 500 ಅಥವಾ 1000 ಪ್ರತಿ ಅಚ್ಚಾಗುತ್ತದೆ. ಲೇಖಕರಿಗೆ ಮುಖಬೆಲೆಯ ನೂರಕ್ಕೆ ಹತ್ತು ಭಾಗ ಸಿಗುವುದು ರೂಢಿ. 250 ರೂಪಾಯಿಯ ಪುಸ್ತಕ, 1000 ಪ್ರತಿ ಪೂರ್ತಿ ಮಾರಿದರೂ 25,000 ರೂಪಾಯಿ. ಅದಕ್ಕೆ ಒಂದು ವರ್ಷದ ಸಂಬಳ ಬಿಡುವುದು, ಅದೂ ಮದುವೆ ಹೊತ್ತಿನಲ್ಲಿ, ಬೇಡ. ಈಗ ಇನ್ನೊಂದು ಲೆಕ್ಕ. ರೈಲಿನಲ್ಲಿ ದಿನಕ್ಕೆ 200 ಪದ, ವಾರಕ್ಕೆ ಐದು ದಿನ ಬರೆದರೆ 1000 ಪದ. ಐವತ್ತು ವಾರಕ್ಕೆ 50,000. ಅಷ್ಟರಲ್ಲಿ ಒಂದು ಕಾದಂಬರಿ ಮುಗಿಯುತ್ತದೆ. ಸೀಟು ಸಿಗದ ದಿನ ಫೋನಿನಲ್ಲೇ ಬರೆಯಿರಿ. ನಿಮ್ಮ ಒಳ್ಳೆಯ ಪುಟ ಹುಟ್ಟಿದ್ದೂ ರೈಲಿನಲ್ಲೇ.

ಪುಸ್ತಕ ಮುಗಿದಾಗ ‘ದುಡ್ಡು ಕೊಟ್ಟರೆ ಅಚ್ಚು ಹಾಕಿಕೊಡುತ್ತೇವೆ’ ಅನ್ನುವವರು ಬರುತ್ತಾರೆ. ಸಾಲ ಮಾಡಿ ಕೊಡಬೇಡಿ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ಅರ್ಜಿ ಕರೆದಾಗ ಪೇಪರಿನಲ್ಲಿ ಬರುತ್ತದೆ, ಕಣ್ಣಿಟ್ಟಿರಿ.

ಇಂಗ್ಲಿಷ್ ವಿಷಯ ಜಾಸ್ತಿ ಯೋಚಿಸಬೇಡಿ. ಆ ಹರಿಗೋಲಿನವನು ನಿಮ್ಮ ಹತ್ತಿರ ಯಾವ ಭಾಷೆಯಲ್ಲಿ ಮಾತಾಡಿದ? ಅದರಲ್ಲೇ ಬರೆಯಿರಿ.

ಕನ್ನಡದಲ್ಲಿ ಫ್ಯಾಂಟಸಿ ಯಾರು ಓದುತ್ತಾರೆ ಅನ್ನುವ ಮಾತು ಕೇಳಿ ಮಾತ್ರ ನನಗೆ ಬೇಸರವಾಯಿತು. ನಿಮ್ಮ ಜಿಲ್ಲೆಯಲ್ಲೇ ಮಂಟೇಸ್ವಾಮಿ ಒಕ್ಕಲಿನ ಹಾಡುಗಾರರಾದ ನೀಲಗಾರರು ತಂಬೂರಿ, ಗಗ್ಗರ ಹಿಡಿದು ರಾತ್ರಿಯಿಡೀ ಮಂಟೇಸ್ವಾಮಿ ಕತೆ ಹಾಡುತ್ತಾರೆ. ಜನ ಕಂಬಳಿ ಹೊದ್ದು ಬೆಳಗಿನ ತನಕ ಕೂತು ಕೇಳುತ್ತಾರೆ. ಮಳವಳ್ಳಿ ತಾಲ್ಲೂಕಿನ ಹಲಗೂರಿಗೆ ನೀವು ಬಸ್ಸಿನಲ್ಲಿ ಹೋಗಿರಬಹುದು. ಆ ಕತೆಯಲ್ಲಿ ಮಂಟೇಸ್ವಾಮಿಯ ಶಿಷ್ಯ ಸಿದ್ದಪ್ಪಾಜಿ ಅದೇ ಹಲಗೂರಿನ ಪಾಂಚಾಳರ, ಅಂದರೆ ಕಮ್ಮಾರರ ಮನೆಗೆ ಕಬ್ಬಿಣದ ಭಿಕ್ಷೆ ಬೇಡಲು ಹೋಗುತ್ತಾನೆ. ಅಕ್ಕಿಯಲ್ಲ, ರಾಗಿಯಲ್ಲ, ಕಬ್ಬಿಣ! ಅವರು ಒಡ್ಡುವ ಪರೀಕ್ಷೆಗಳನ್ನೆಲ್ಲ ಗೆಲ್ಲುತ್ತಾನೆ. ಆ ಕಡೆ ಮಾದೇಶ್ವರ ಹುಲಿ ಮೇಲೆ ಕೂತು ಬೆಟ್ಟ ಸುತ್ತುತ್ತಾನೆ. ಇದನ್ನು ಕೇಳಿ ಬೆಳೆದ ಜನ ನಿಮ್ಮ ಕತೆ ಯಾಕೆ ಓದುವುದಿಲ್ಲ?

ಶ್ರೀರಂಗಪಟ್ಟಣದ ರಾಣಿ ಅಲಮೇಲಮ್ಮನ ಶಾಪ ನಿಮಗೆ ಬಾಯಿಪಾಠ ಇರುತ್ತದೆ. ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದಿರಲಿ. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣ ಹಿಡಿದ ಕಾಲದ್ದು ಅಂತ ಹೇಳುತ್ತಾರೆ. ಬರೆಯುವವರು ಈ ಕತೆಯಲ್ಲಿ ಗಮನಿಸಬೇಕಾದದ್ದು ಒಂದಿದೆ. ಆಕೆ ಅರಮನೆಯ ಕಿಟಕಿಯಲ್ಲಿ ನಿಂತು ಶಾಪ ಹಾಕಲಿಲ್ಲ. ಶಾಪ ಹಾಕಿ ಕಾವೇರಿಗೆ ಹಾರಿದಳು. ಜೀವವನ್ನೇ ಕೊಟ್ಟು ಆಡಿದ ಮಾತು ಅಂತಲೇ ನಾನೂರು ವರ್ಷದಿಂದ ಜನ ಅದನ್ನು ನಂಬಿಕೊಂಡು ಬಂದಿದ್ದಾರೆ. ನಿಮ್ಮ ಹಿಮದ ರಾಜ್ಯದ ಮಾಂತ್ರಿಕ ಕೈ ಬೀಸಿದರೆ ಕೋಟೆ ಬೀಳುತ್ತದೆ, ಅವನಿಗೆ ಏನೂ ಕಳೆಯುವುದಿಲ್ಲ. ನಿಮ್ಮ ಹರಿಗೋಲಿನ ಕತೆಯಲ್ಲಿ ಕಳೆಯುತ್ತದೆ.

ಇನ್ನು ನೀವು ದಿನಾ ದಾಟುವ ಶ್ರೀರಂಗಪಟ್ಟಣ. ಹಳಿ ಪಕ್ಕದಲ್ಲಿದ್ದ ಟಿಪ್ಪು ಕಾಲದ ಮದ್ದುಗುಂಡಿನ ಮನೆಯನ್ನು 2017ರಲ್ಲಿ ಒಡೆಯದೆ, ಇಡಿಯಾಗಿ ಎತ್ತಿ ನೂರು ಮೀಟರಿಗೂ ಆಚೆ ಸರಿಸಿದರು, ಎರಡನೇ ಹಳಿಗೆ ಜಾಗ ಬೇಕಿತ್ತು ಅಂತ. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಗಿ ಹಳೆ ಕನ್ನಂಬಾಡಿ ಊರು ನೀರಿನಡಿ ಹೋಯಿತು. ನೀರು ಇಳಿದ ವರ್ಷಗಳಲ್ಲಿ ಅಲ್ಲಿನ ವೇಣುಗೋಪಾಲಸ್ವಾಮಿ ಗುಡಿ ಮೇಲೆ ಕಾಣುತ್ತಿತ್ತು. ಈಗ ಅದನ್ನು ಕಲ್ಲು ಕಲ್ಲಾಗಿ ಬಿಚ್ಚಿ ತಂದು ದಡದಲ್ಲಿ ಕಟ್ಟಿದ್ದಾರೆ. ಒಂದು ರಾತ್ರಿ ಎದ್ದು ನಡೆಯುವ ಮನೆ, ನೀರು ಇಳಿದಾಗ ಮಾತ್ರ ಕಾಣುವ ಗುಡಿ. ಇದನ್ನೆಲ್ಲ ಕಿಟಕಿ ಆಚೆ ಬಿಟ್ಟು ನೀವು ಹಿಮ ಹುಡುಕುತ್ತಿದ್ದೀರಿ. ಡ್ರ್ಯಾಗನ್ ಬೇಡ ಅಂತ ನಾನು ಹೇಳುವುದಿಲ್ಲ. ಡ್ರ್ಯಾಗನ್ ನಿಮಗೆ ಇಷ್ಟ ಇದ್ದರೆ ಇರಲಿ. ಅದು ಆಲೆಮನೆ ಹತ್ತಿರ ಬರಲಿ. ಕೊಪ್ಪರಿಗೆ ಕುದಿಯುವಾಗಿನ ಹಬೆ, ಕಬ್ಬಿನ ಸಿಪ್ಪೆ ಉರಿಯುವ ಬೆಂಕಿ, ಪಾಕ ಹದಕ್ಕೆ ಬಂದಾಗಿನ ಘಮಲು ನಿಮಗೆ ಗೊತ್ತು. ಬೆಂಕಿ ಉಗುಳುವ ಪ್ರಾಣಿ ಅಲ್ಲಿ ಏನು ಮಾಡುತ್ತದೆ ಅಂತ ನಿಮ್ಮಷ್ಟು ಚೆನ್ನಾಗಿ ಯಾರು ಬರೆದಾರು?

ಹುಡುಗಿಗೆ ನಿಜ ಹೇಳಿ. ಈ ವಾರವೇ ಹೇಳಿ, ನಿಶ್ಚಿತಾರ್ಥದ ತನಕ ಕಾಯಬೇಡಿ. ‘ಕ್ರಿಕೆಟ್’ ಅಂದದ್ದು ದೊಡ್ಡ ಅಪರಾಧವಲ್ಲ. ಹೊಸಬರ ಮುಂದೆ ನಾಚಿಕೆಯಾಗಿ ಬಾಯಿಗೆ ಬಂದದ್ದು ಹೇಳಿದಿರಿ. ಆದರೆ ಅದನ್ನು ಹಾಗೇ ಬಿಟ್ಟರೆ ಮದುವೆಯಾದ ಮೇಲೆ ರಾತ್ರಿ ಬಾಗಿಲು ಹಾಕಿಕೊಂಡು ಬರೆಯಬೇಕಾಗುತ್ತದೆ. ಗಂಡ ಬೀಗ ಹಾಕಿದ ಟ್ರಂಕ್ ಇಟ್ಟುಕೊಂಡರೆ ಯಾವ ಹೆಂಡತಿಗಾದರೂ ಅನುಮಾನ ಬಂದೇ ಬರುತ್ತದೆ. ಒಳಗೆ ಇರುವುದು ನಕಾಶೆ ಅಂತ ಆಮೇಲೆ ಹೇಳಿದರೆ, ಇಷ್ಟಕ್ಕೆ ಯಾಕೆ ಮುಚ್ಚಿಟ್ಟರು ಅಂತ ಇನ್ನೂ ನೋವಾಗುತ್ತದೆ.

ಫೋನ್ ಮಾಡಿ. ‘ಅವತ್ತು ಕ್ರಿಕೆಟ್ ಅಂದೆ, ಅದು ನಿಜ ಅಲ್ಲ. ನಾನು ಕತೆ ಬರೀತೀನಿ. ಹೇಳೋಕೆ ನಾಚಿಕೆ ಆಯ್ತು’ ಅನ್ನಿ. ಇಷ್ಟೇ ಸಾಕು. ಅವರು ಕೇಳಿದರೆ ಹರಿಗೋಲಿನ ಪುಟ ಓದಿ ಹೇಳಿ. ಅವರಿಗೆ ಇಂಥ ಕತೆ ಹಿಡಿಸದೇ ಹೋಗಬಹುದು. ಅದಕ್ಕೆ ಮನಸ್ಸು ಕೆಡಿಸಿಕೊಳ್ಳಬೇಡಿ. ಹೆಂಡತಿಯಾಗುವವರು ನಿಮ್ಮ ಕತೆಯ ಅಭಿಮಾನಿ ಆಗಲೇಬೇಕಿಲ್ಲ. ನೀವು ಬರೆಯುವ ಅರ್ಧ ಗಂಟೆಯನ್ನು ಅವರು ಒಪ್ಪಿಕೊಂಡರೆ ಸಾಕು. ಹಾಗೇ ಅವರಿಗೆ ಏನಿಷ್ಟ ಅಂತಲೂ ಕೇಳಿ. ನಿಮ್ಮ ಪತ್ರದಲ್ಲಿ ಅವರ ಬಗ್ಗೆ ಮದ್ದೂರಿನ ಕಡೆಯವರು, ಟೀಚರ್ ಅನ್ನುವುದು ಬಿಟ್ಟು ಬೇರೆ ಏನೂ ಇಲ್ಲ. ಅವರೂ ನಿಮ್ಮ ಹಾಗೆಯೇ ಏನಾದರೂ ಮುಚ್ಚಿಟ್ಟು ಬೇರೇನೋ ಹೇಳಿರಬಹುದು.

ಕೊನೆಗೆ ಅಪ್ಪನ ಮಾತು. ‘ಹಿಟ್ಟು ಹಾಕುತ್ತಾ’ ಅಂತ ಅವರು ಕೇಳಿದ್ದು ತಪ್ಪಲ್ಲ. ಕಬ್ಬು ಕಡಿದು ಕಾರ್ಖಾನೆಗೆ ಹಾಕಿ, ದುಡ್ಡು ಯಾವಾಗ ಬರುತ್ತದೋ ಅಂತ ಕಾದವರು ಹಾಗೆ ಕೇಳದೆ ಹೇಗೆ ಕೇಳುತ್ತಾರೆ? ಅದು ನಿಮ್ಮ ಕತೆ ಮೇಲಿನ ಸಿಟ್ಟಲ್ಲ, ನಿಮ್ಮ ಮೇಲಿನ ಕಾಳಜಿ. ಕೆಲಸ ಬಿಡುವುದಿಲ್ಲ ಅಂತ ಮೊದಲು ಅವರಿಗೆ ಹೇಳಿಬಿಡಿ, ಅರ್ಧ ಭಾರ ಇಳಿಯುತ್ತದೆ.

ಆಮೇಲೆ ಒಂದು ಕೆಲಸ ಮಾಡಿ. ಅವರು ಹೇಳುತ್ತಿದ್ದ ಒಂದು ಕತೆಯನ್ನು ನೀವು ಪತ್ರದ ಹಿಂಬದಿಯಲ್ಲಿ ಎರಡೇ ಸಾಲಿನಲ್ಲಿ ಗುರುತು ಹಾಕಿದ್ದೀರಿ. ನಿಮ್ಮ ಬಾವಿಯ ಕೆಳಗೆ ಇನ್ನೊಂದು ಊರಿದೆಯಂತೆ. ಇಲ್ಲಿ ಮೋಟರ್ ಹಾಕಿದಾಗಲೆಲ್ಲ ಅಲ್ಲಿನವರ ಗದ್ದೆ ಒಣಗುತ್ತದಂತೆ. ಅದಕ್ಕೇ ಅಪ್ಪ ಮೋಟರ್ ಹಾಕುವ ಮೊದಲು ಬಾವಿಗೆ ಬಗ್ಗಿ ‘ಒಂಚೂರು ತಗೋತೀವಿ’ ಅಂತ ಕೂಗುತ್ತಿದ್ದರಂತೆ. ಇಂಥ ಕತೆ ಕಟ್ಟಿದ ಮನುಷ್ಯನಿಂದ ನೋಟ್‌ಬುಕ್ ಬಚ್ಚಿಡುತ್ತಿದ್ದೀರಲ್ಲ, ತಮ್ಮಾ.

ಈ ವಾರ ತ್ರೀ ಫೇಸ್ ಕರೆಂಟ್ ಯಾವ ರಾತ್ರಿ ಕೊಡುತ್ತಾರೆ ಅಂತ ಅಪ್ಪನನ್ನು ಕೇಳಿ, ಅವರ ಜೊತೆ ಗದ್ದೆಗೆ ಹೋಗಿ. ಬದುವಿನ ಮೇಲೆ ನೀವು ಮುಂದೆ ನಡೆಯಿರಿ, ಬ್ಯಾಟರಿ ನೀವೇ ಹಿಡಿದುಕೊಳ್ಳಿ, ಈಗ ಅವರಿಗೆ ಕಣ್ಣು ಅಷ್ಟಕ್ಕಷ್ಟೇ ಇರುತ್ತದೆ. ನೀರು ಮಡಿಗೆ ತಿರುಗಿ ಇಬ್ಬರೂ ಕೂತಾಗ, ಬಾವಿ ಕೆಳಗಿನ ಊರಿನವರು ಆಮೇಲೆ ಏನು ಮಾಡಿದರು ಅಂತ ಕೇಳಿ.